ಕಾರ್ಡಿಯಲ್ ಅಂದ್ರೆ ಎಣ್ಣೆನಾ, ಜ್ಯೂಸಾ? ಯಾವ ಬಾಟಲಿ ಯಾರ ಮನೆಗೆ

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದ. "ಮಾವ, ಕೇಕಿಗೆ ನಾಕು ಚಮಚ ಕಾರ್ಡಿಯಲ್ ಹಾಕಿ ಅಂತ ಬರ್ದವ್ರೆ. ಕಾರ್ಡಿಯಲ್ ಅಂದ್ರೆ ಎಣ್ಣೆನಾ, ಜ್ಯೂಸಾ?" ನಾನು ಆಗ ತಾನೇ ದೇವರಾಜ ಮಾರುಕಟ್ಟೆಯಿಂದ ಬಂದು ಚೀಲ ಕೆಳಗಿಟ್ಟಿದ್ದೆ. ಯೋಚನೆ ಮಾಡದೆ "ಜ್ಯೂಸು ಕಣೋ, ನಿಂಬೆಹಣ್ಣಿಂದು ಬಾಟಲಿಲಿ ಸಿಗುತ್ತಲ್ಲ, ಅದೇ" ಅಂದುಬಿಟ್ಟೆ. ಮಧ್ಯಾಹ್ನ ಒಂದು ಫೋಟೋ ಬಂತು. ಕಾಫಿ ಕೇಕಿನ ಮೇಲೆ ಸುರಿಯಬೇಕಿದ್ದ ಬಿಸಿ ಕೆನೆ ಒಡೆದು, ಪನೀರ್ ಮಾಡುವಾಗ ಬಟ್ಟೆಯಲ್ಲಿ ಉಳಿಯುತ್ತಲ್ಲ, ಹಾಗೆ ಚೂರು ಚೂರಾಗಿ ಕೂತಿತ್ತು. ಫೋಟೋ ಕೆಳಗೆ ಒಂದೇ ಸಾಲು: "ಜ್ಯೂಸೇ ಹಾಕ್ದೆ ಮಾವ."

ತಪ್ಪು ನನ್ನದೇ. ಅವನು ಓದಿದ್ದು ಅಮೆರಿಕದವರು ಬರೆದ ವಿಧಾನ. ಅವರ ಕಡೆ ಕಾರ್ಡಿಯಲ್ ಅಂದರೆ ಲಿಕ್ಯೂರ್, ಅಂದರೆ ಸಿಹಿ ಬೆರೆಸಿದ ಮದ್ಯ. ಅಲ್ಲಿ ಬೇಕಿದ್ದದ್ದು ಕಾಫಿ ಲಿಕ್ಯೂರ್. ನಮ್ಮ ದೇಶದಲ್ಲಿ, ಬ್ರಿಟನ್ನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಕಾರ್ಡಿಯಲ್ ಅಂದರೆ ನೀರು ಬೆರೆಸಿ ಕುಡಿಯುವ ಹಣ್ಣಿನ ಗಟ್ಟಿ ಪಾನೀಯ, ಅದರಲ್ಲಿ ಮದ್ಯದ ಸುಳಿವೂ ಇಲ್ಲ.

ಇದಕ್ಕೆ ಉಲ್ಟಾ ಪ್ರಸಂಗವೂ ನಮ್ಮ ಮನೆಯಲ್ಲೇ ಆಗಿದೆ. ಅಗ್ರಹಾರದ ನಮ್ಮ ದೊಡ್ಡಮ್ಮನಿಗೆ ಮೊಮ್ಮಗ ಅಮೆರಿಕದಿಂದ ಒಂದು ಚಾಕೊಲೇಟ್ ಡಬ್ಬಿ ತಂದಿದ್ದ. ಮೇಲೆ ಚೆರ್ರಿ ಕಾರ್ಡಿಯಲ್ ಅಂತ ಬರೆದಿತ್ತು. ಕಚ್ಚಿದರೆ ಒಳಗಿಂದ ಪಾಕ ಸುರಿಯುತ್ತೆ. ಯಾರೋ "ಕಾರ್ಡಿಯಲ್ ಅಂದ್ರೆ ಅಲ್ಲಿ ಮದ್ಯ" ಅಂದಿದ್ದೇ ತಡ, ಡಬ್ಬಿ ಹಾಗೇ ಕೆಲಸದವರ ಮನೆಗೂ ಹೋಗದೆ ಕಸದ ಗಾಡಿ ಸೇರಿತು. ಅಲ್ಲಿನ ಅಂಗಡಿಗಳ ಮಾಮೂಲಿ ಚೆರ್ರಿ ಕಾರ್ಡಿಯಲ್‌ನಲ್ಲಿ ಸಾಮಾನ್ಯವಾಗಿ ಮದ್ಯ ಇರುವುದಿಲ್ಲ. ಹಣ್ಣಿನ ಸುತ್ತ ಮೆತ್ತಿದ ಸಕ್ಕರೆ ಹಿಟ್ಟಿಗೆ ಇನ್ವರ್ಟೇಸ್ ಅನ್ನುವ ಕಿಣ್ವ ಹಾಕಿರುತ್ತಾರೆ, ಅದು ಕೆಲವು ದಿನಗಳಲ್ಲಿ ಸಕ್ಕರೆಯನ್ನು ಒಡೆದು ಪಾಕ ಮಾಡುತ್ತೆ, ಅಷ್ಟೇ.

ಈ ಗೊಂದಲ ನಮ್ಮೊಬ್ಬರ ಮನೆಯದಲ್ಲ ಅಂತ ಆಮೇಲೆ ಗೊತ್ತಾಯಿತು. ಯಾವ ಬಾಟಲಿ ತರಲಿ, ಸ್ಕ್ವಾಶ್ ಸಾಕಾ, ಮನೇಲೇ ಮಾಡಬಹುದಾ, ಲಿಕ್ಯೂರ್‌ಗೆ ಅಷ್ಟು ದುಡ್ಡು ಕೊಡಬೇಕಾ ಅಂತ ಕೇಳುವವರು ಬೇಕಾದಷ್ಟು ಜನ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಇಟ್ಟು ತೂಗಿ ನೋಡೋಣ ಅಂತ ಬರೆಯುತ್ತಿದ್ದೇನೆ.

ಒಂದೇ ಹೆಸರು, ಎರಡು ಬಾಟಲಿ

ಕಾರ್ಡಿಯಲ್ ಪದದ ಬೇರು ಲ್ಯಾಟಿನ್‌ನ ಕೋರ್, ಅಂದರೆ ಹೃದಯ. ಯುರೋಪಿನಲ್ಲಿ ಹಿಂದೆ ಔಷಧಿ ಮಾಡುವವರು ಭಟ್ಟಿ ಇಳಿಸಿದ ಮದ್ಯಕ್ಕೆ ಗಿಡಮೂಲಿಕೆ, ಮಸಾಲೆ, ಸಕ್ಕರೆ, ದುಡ್ಡಿದ್ದವರಿಗಾದರೆ ಚಿನ್ನದ ರೇಕು, ಮುತ್ತಿನ ಪುಡಿ ಎಲ್ಲ ಸೇರಿಸಿ ಎದೆಗೆ ಬಲ ಬರಲಿ ಅಂತ ಕೊಡುತ್ತಿದ್ದರು. ಔಷಧಿ ಅಂತ ಶುರುವಾದದ್ದು ಊಟದ ನಂತರದ ಶೋಕಿಯಾಯಿತು. ನಮ್ಮ ಆಯುರ್ವೇದದಲ್ಲೂ ಇದಕ್ಕೆ ಸರಿಸಾಟಿಯಾದ ಪದ ಇದೆ: ಹೃದ್ಯ. ಚರಕ ಸಂಹಿತೆ ಹೃದ್ಯ ಅಂತ ಹತ್ತು ವಸ್ತು ಹೇಳುತ್ತದೆ, ಅದರಲ್ಲಿ ಮಾವು, ದಾಳಿಂಬೆ, ಮಾದಳ, ಎಲಚಿ, ವೃಕ್ಷಾಮ್ಲ ಎಲ್ಲ ಬರುತ್ತವೆ. ವೃಕ್ಷಾಮ್ಲ ಅಂದರೆ ನಮ್ಮ ಪುನರ್ಪುಳಿ. ಗಮನಿಸಿದರೆ ಬಹುಪಾಲು ಹುಳಿ ಹಣ್ಣುಗಳೇ. ಅಂದರೆ ಅವರ ಕಾರ್ಡಿಯಲ್ ಮದ್ಯದ ಕಡೆ ಹೋಯಿತು, ನಮ್ಮ ಹೃದ್ಯ ಮೊದಲಿಂದಲೂ ಪಾನಕದ ಕಡೆಯೇ ಇತ್ತು ಅಂತ ನಾನು ತಮಾಷೆಗೆ ಹೇಳುವುದುಂಟು.

ಮದ್ಯವಿಲ್ಲದ ಕಾರ್ಡಿಯಲ್‌ಗೆ ಹಡಗಿನ ಕಥೆ ಇದೆ. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ನಾವಿಕರಿಗೆ ವಿಟಮಿನ್ ಸಿ ಇಲ್ಲದೆ ಸ್ಕರ್ವಿ ಬರುತ್ತಿತ್ತು, ನಿಂಬೆರಸ ಬೇಕಿತ್ತು, ಆ ರಸ ಕೆಡದಿರಲಿ ಅಂತ ಅದಕ್ಕೆ ಮದ್ಯ ಬೆರೆಸುತ್ತಿದ್ದರು. ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಎಂಬಾತ ಮದ್ಯ ಹಾಕದೆ ರಸ ಕಾಪಾಡುವ ವಿಧಾನಕ್ಕೆ 1867ರಲ್ಲಿ ಪೇಟೆಂಟ್ ಪಡೆದ. ಅದೇ ವರ್ಷ ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿ ನಾವಿಕರಿಗೆ ನಿಂಬೆರಸ ಕೊಡಲೇಬೇಕು ಅಂತ ಕಾನೂನೂ ಬಂತು. ಆ ಕಡೆ ಕಾರ್ಡಿಯಲ್ ಹೆಸರು ಇಂಥ ಬಾಟಲಿಗೆ ಅಂಟಿಕೊಂಡಿತು, ಅಮೆರಿಕದಲ್ಲಿ ಹಳೆಯ ಅರ್ಥವೇ ಉಳಿಯಿತು. ನಮಗೆ ಇಂಗ್ಲಿಷು ಬ್ರಿಟಿಷರಿಂದ ಬಂತು, ಅಡುಗೆ ವಿಡಿಯೋಗಳು ಅಮೆರಿಕದಿಂದ ಬರುತ್ತಿವೆ. ನಡುವೆ ಸಿಕ್ಕಿಕೊಂಡದ್ದು ನಮ್ಮ ಹುಡುಗನ ಕೇಕು.

ಬಾಟಲಿ ಮುಟ್ಟುವ ಮೊದಲು ಏನು ನೋಡಬೇಕು

ಮೊದಲನೆಯದು, ಯಾರು ಕುಡಿಯುತ್ತಾರೆ. ಮಕ್ಕಳು, ಬಸುರಿಯರು, ಮದ್ಯ ಮುಟ್ಟದವರು, ವಾಪಸ್ ಗಾಡಿ ಓಡಿಸಿಕೊಂಡು ಹೋಗುವವರು ಇದ್ದರೆ ಅರ್ಧ ತೀರ್ಮಾನ ಅಲ್ಲೇ ಆಯಿತು. ಎರಡನೆಯದು, ಯಾತಕ್ಕೆ ಬೇಕು: ಲೋಟಗಟ್ಟಲೆ ಕುಡಿಯಲಿಕ್ಕಾ, ಊಟ ಆದ ಮೇಲೆ ಒಂದು ಗುಟುಕಿಗಾ, ಕೇಕು ಐಸ್‌ಕ್ರೀಮಿಗಾ. ಮೂರನೆಯದು ಸಕ್ಕರೆ. ಇದನ್ನು ಜನ ಮರೆಯುತ್ತಾರೆ, ಮದ್ಯ ಇಲ್ಲ ಅಂದ ಮಾತ್ರಕ್ಕೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಆಮೇಲೆ ಎಷ್ಟು ದಿನ ಇಟ್ಟುಕೊಳ್ಳಬಹುದು ಅನ್ನೋದು. ಕೊನೆಗೆ ದುಡ್ಡು, ಆದರೆ ಬಾಟಲಿ ಬೆಲೆ ಅಲ್ಲ, ಒಂದು ಲೋಟಕ್ಕೆ ಎಷ್ಟು ಬೀಳುತ್ತೆ ಅಂತ.

ಇಷ್ಟು ಮನಸ್ಸಲ್ಲಿ ಇಟ್ಟುಕೊಂಡು ಒಂದೊಂದೇ ನೋಡೋಣ.

ಅಂಗಡಿಯ ಕಾರ್ಡಿಯಲ್, ಸ್ಕ್ವಾಶ್, ಕ್ರಶ್, ಸಿರಪ್

ಸೂಪರ್ ಮಾರ್ಕೆಟ್ಟಿನ ಒಂದೇ ಸಾಲಿನಲ್ಲಿ ಇವೆಲ್ಲ ನಿಂತಿರುತ್ತವೆ. ಹೆಸರು ಬೇರೆ, ಒಳಗೆ ಎಲ್ಲಾ ಒಂದೇ ಅಂದುಕೊಂಡಿದ್ದೆ. ಅಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ನಾಲ್ಕಕ್ಕೂ ಹಣ್ಣಿನ ರಸ ಕನಿಷ್ಠ ಶೇ 25 ಇರಬೇಕು. ವ್ಯತ್ಯಾಸ ಇರುವುದು ಕರಗಿದ ಘನಾಂಶದಲ್ಲಿ, ಅಂದರೆ ಬಹುಪಾಲು ಸಕ್ಕರೆಯಲ್ಲಿ. ಕಾರ್ಡಿಯಲ್‌ಗೆ ಕನಿಷ್ಠ ಶೇ 30, ಸ್ಕ್ವಾಶ್‌ಗೆ 40, ಕ್ರಶ್‌ಗೆ 55, ಹಣ್ಣಿನ ಸಿರಪ್‌ಗೆ 65. ಇನ್ನೊಂದು ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಕಾರ್ಡಿಯಲ್ ತಿಳಿಯಾಗಿರಬೇಕು. ರಸವನ್ನು ಬಹಳ ದಿನ ಸುಮ್ನೆ ಬಿಟ್ಟು, ತಿರುಳೆಲ್ಲ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ತೆಗೆದು ಮಾಡುತ್ತಾರೆ. ಸ್ಕ್ವಾಶ್‌ನಲ್ಲಿ ತಿರುಳು ಇರುತ್ತೆ, ಮೋಡ ಮುಸುಕಿದ ಹಾಗೆ ಕಾಣುತ್ತೆ.

ಇದರಿಂದ ನಮಗೇನು? ಸೋಡಾ ಜೊತೆ, ಗಾಜಿನ ಲೋಟದಲ್ಲಿ ಚೆಂದ ಕಾಣಬೇಕು, ಹುಳಿ ಮುಂದಿರಬೇಕು ಅಂದರೆ ಕಾರ್ಡಿಯಲ್. ಮಕ್ಕಳಿಗೆ ತಣ್ಣೀರಿನಲ್ಲಿ ಕಲಸಿ ಕೊಡೋದಕ್ಕೆ ಸ್ಕ್ವಾಶ್ ಸಾಕು, ಹಣ್ಣಿನ ಮೈ ಬಾಯಿಗೆ ಸಿಗುತ್ತೆ. ಕ್ರಶ್ ಮತ್ತು ಸಿರಪ್ ಮಿಲ್ಕ್‌ಶೇಕಿಗೆ, ಐಸ್‌ಕ್ರೀಮಿನ ಮೇಲೆ ಸುರಿಯುವುದಕ್ಕೆ. ಹಾಲಿಗೆ ಹಾಕುವುದಾದರೆ ನಿಂಬೆ, ಕಿತ್ತಳೆ ಬೇಡ, ಯಾಕಂತ ಮೇಲೆ ಹೇಳಿದ್ದೇನೆ.

ಸಕ್ಕರೆ ಲೆಕ್ಕ ನಾನೇ ಹಾಕಿ ನೋಡಿದೆ. ಒಂದು ಲೋಟಕ್ಕೆ 50 ಮಿಲಿ ಹಾಕಿದರೆ ಶೇ 30ರ ಕಾರ್ಡಿಯಲ್‌ನಲ್ಲಿ ಸುಮಾರು 17 ಗ್ರಾಂ, ಶೇ 40ರ ಸ್ಕ್ವಾಶ್‌ನಲ್ಲಿ ಸುಮಾರು 23 ಗ್ರಾಂ. ಅಂದರೆ ಸ್ಕ್ವಾಶ್ ಒಂದು ಲೋಟಕ್ಕೆ ನಾಲ್ಕೈದು ಟೀ ಚಮಚ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೇಸಿಗೆ ರಜೆಯಲ್ಲಿ ಮಕ್ಕಳು ಮೂರು ಲೋಟ ಕುಡಿದರೆ ಲೆಕ್ಕ ಎಲ್ಲಿಗೆ ಹೋಯಿತು ನೋಡಿ. ಮನೆಯಲ್ಲಿ ಶುಗರ್ ಇರುವವರಿದ್ದರೆ ಅವರಿಗೆ ಈ ಸಾಲಿನ ಯಾವ ಬಾಟಲಿಯೂ ಬೇಡ. ಉಪ್ಪು, ಇಂಗು, ಕರಿಬೇವು ಹಾಕಿದ ನೀರು ಮಜ್ಜಿಗೆಗೆ ಸಮ ಯಾವುದೂ ಇಲ್ಲ.

ಬಾಟಲಿ ಹಿಂದೆ ತಿರುಗಿಸಿ ಓದುವ ಅಭ್ಯಾಸ ಮಾಡಿಕೊಳ್ಳಿ. ಮುಂದೆ ದೊಡ್ಡ ಹಣ್ಣಿನ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಸಿಂಥೆಟಿಕ್ ಸಿರಪ್ ಅಂತಲೋ ಫ್ಲೇವರ್ಡ್ ಅಂತಲೋ ಇದ್ದರೆ ಅದರಲ್ಲಿ ಹಣ್ಣು ಇರಲೇಬೇಕು ಅಂತೇನಿಲ್ಲ. ಇ 224 ಅಂತ ಇದ್ದರೆ ಅದು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಕೆಡದಂತೆ ಇಡುವ ರಾಸಾಯನಿಕ. ಸಲ್ಫೈಟ್‌ನಿಂದ ಕೆಲವು ಆಸ್ತಮಾ ರೋಗಿಗಳಿಗೆ ಉಬ್ಬಸ ಕೆರಳುತ್ತದೆ, ಅಂಥವರಿದ್ದರೆ ಇ 211, ಅಂದರೆ ಸೋಡಿಯಂ ಬೆಂಜೊಯೇಟ್ ಇರುವ ಬಾಟಲಿ ನೋಡಿ. ಸಲ್ಫೈಟು ಕೆಂಪು ಬಣ್ಣವನ್ನು ಕೂಡ ಮಾಸಿಸುತ್ತದೆ. ಅದಕ್ಕೇ ದ್ರಾಕ್ಷಿ, ನೇರಳೆ ಥರದ ಬಣ್ಣದ ಹಣ್ಣಿಗೆ ಬೆಂಜೊಯೇಟ್ ಬಳಸುತ್ತಾರೆ.

ದುಡ್ಡಿನ ವಿಷಯ ಸುಲಭ. 750 ಮಿಲಿ ಬಾಟಲಿಯಲ್ಲಿ 50 ಮಿಲಿಯಂತೆ 15 ಲೋಟ ಆಗುತ್ತೆ. ಬೆಲೆಯನ್ನು 15ರಿಂದ ಭಾಗಿಸಿ, ಪಕ್ಕದ ಬಾಟಲಿಗೂ ಹಾಗೇ ಮಾಡಿ. ನಾಮಕರಣಕ್ಕೋ ಗೃಹಪ್ರವೇಶಕ್ಕೋ ನೂರು ಜನಕ್ಕೆ ಸ್ವಾಗತದ ಪಾನೀಯ ಅಂದರೆ 5 ಲೀಟರ್ ಬೇಕು, ಏಳು ಬಾಟಲಿ ತನ್ನಿ. ಅಡುಗೆಯವರು ಹತ್ತು ಅಂತಾರೆ, ಏಳು ಸಾಕು.

ಮನೆಯಲ್ಲೇ ಮಾಡಿದರೆ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಯಾಕಂದರೆ ನನ್ನ ಮಟ್ಟಿಗೆ ಗೆಲ್ಲುವ ಬಾಟಲಿ ಇದೇ. ಮೈಸೂರಿನವರಿಗೆ ಇದು ಹೊಸದೇನಲ್ಲ. 1950ರಿಂದ ಚೆಲುವಾಂಬ ಮ್ಯಾನ್ಶನ್ನಿನಲ್ಲಿ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಕೂತಿದೆ. ಹಣ್ಣು ಕೆಡದಂತೆ ಇಡೋದು ಹೇಗೆ ಅನ್ನುವ ಮಾತು ಈ ಊರಿಗೆ ಮನೆಮಾತು.

ನಿಂಬೆ ಶುಂಠಿ ಕಾರ್ಡಿಯಲ್ ನಾನು ಮಾಡುವ ಬಗೆ ಹೀಗೆ. ರಸಭರಿತ 25 ನಿಂಬೆಹಣ್ಣು, ಅರ್ಧ ಲೀಟರ್ ಹತ್ತಿರ ರಸ ಬರುತ್ತೆ. ಹಿಂಡುವ ಮೊದಲೇ ಏಳೆಂಟು ಹಣ್ಣಿನ ಹಸಿರು ಸಿಪ್ಪೆಯನ್ನು ಮಾತ್ರ ತುರಿಯಿರಿ. ಬಿಳಿ ಭಾಗ ಬಂದರೆ ಕಹಿ. ಸ್ಟೀಲ್ ಡಬ್ಬಿಯಲ್ಲಿ ಒಂದು ಕೆಜಿ ಸಕ್ಕರೆಗೆ ಆ ತುರಿ ಹಾಕಿ ಬೆರಳ ತುದಿಯಿಂದ ಉಜ್ಜಿ. ಎರಡು ನಿಮಿಷಕ್ಕೆ ಸಕ್ಕರೆ ಒದ್ದೆಯಾದ ಮರಳಿನ ಹಾಗೆ ಅಂಟತೊಡಗುತ್ತೆ, ಕೈಯಿಂದ ಬರುವ ವಾಸನೆ ಸಂಜೆವರೆಗೂ ಹೋಗಲ್ಲ. ಸಿಪ್ಪೆಯ ಎಣ್ಣೆಯನ್ನು ಸಕ್ಕರೆ ಎಳೆದುಕೊಂಡಿದೆ ಅಂತ ಅರ್ಥ. ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅರ್ಧ ಲೀಟರ್ ನೀರಿಗೆ ಜಜ್ಜಿದ ಶುಂಠಿ ಹಾಕಿ ಕುದಿಸಿ, ಸೋಸಿ, ಅದಕ್ಕೆ ಆ ಸಕ್ಕರೆ ಹಾಕಿ ಕರಗಿಸಿ. ಪೂರ್ತಿ ತಣ್ಣಗಾದ ಮೇಲೆ ನಿಂಬೆರಸ. ರಸ ಕುದಿಸಬೇಡಿ, ತಾಜಾ ರುಚಿಯೇ ಹೋಗಿಬಿಡುತ್ತೆ. ಬಿಳಿ ಪಂಚೆಯ ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಬಿಟ್ಟರೆ ತಳದಲ್ಲಿ ಗಸಿ ಕೂರುತ್ತೆ. ಅಲ್ಲಾಡಿಸದೆ ಮೇಲಿಂದು ಬಗ್ಗಿಸಿಕೊಳ್ಳಿ.

ಇಲ್ಲೊಂದು ಕೊಡುಕೊಳ್ಳುವಿಕೆ ಇದೆ. ಈ ಅಳತೆಯಲ್ಲಿ ಸಕ್ಕರೆ ಶೇ 50 ದಾಟುತ್ತೆ, ಲೆಕ್ಕಕ್ಕೆ ಇದು ಕ್ರಶ್‌ನ ಹತ್ತಿರ. ಸಕ್ಕರೆ ಕಡಿಮೆ ಮಾಡಬಹುದು, ರುಚಿಯೂ ಚೆನ್ನಾಗಿರುತ್ತೆ, ಆದರೆ ಬೇಗ ಕೆಡುತ್ತೆ. ರಾಸಾಯನಿಕ ಹಾಕದೆ ಫ್ರಿಜ್ಜಿನಲ್ಲಿ ಮೂರು ವಾರ ಅಂತ ಇಟ್ಟುಕೊಳ್ಳಿ, ಸಕ್ಕರೆ ಅರ್ಧ ಮಾಡಿದರೆ ಒಂದು ವಾರ. ಹೊರಗೆ ತಿಂಗಳುಗಟ್ಟಲೆ ಇಡಬೇಕು ಅಂದರೆ ಮೆಟಾಬೈಸಲ್ಫೈಟ್ ಲೀಟರಿಗೆ ಅರ್ಧ ಗ್ರಾಂ, ಅದನ್ನು ಕಣ್ಣಳತೆಯಲ್ಲಿ ಹಾಕುವ ಹಾಗಿಲ್ಲ, ಸಣ್ಣ ತಕ್ಕಡಿ ಬೇಕು. ಅಷ್ಟು ತಾಪತ್ರಯಕ್ಕೆ ನಾನು ಹೋಗಲ್ಲ. ಸ್ವಲ್ಪ ಮಾಡಿ, ಬೇಗ ಮುಗಿಸಿ. ನಿಂಬೆ ಅಗ್ಗ ಇರುವಾಗ ಮಾಡಿದರೆ ಅಂಗಡಿಯ ಬಾಟಲಿಗಿಂತ ಕಡಿಮೆಗೇ ಬೀಳುತ್ತೆ. ಏಪ್ರಿಲ್‌ನಲ್ಲಿ ನಿಂಬೆ ಬೆಲೆ ಏರಿದಾಗ ಮಾಡಿದರೆ ಲೆಕ್ಕ ತಲೆಕೆಳಗು.

ಇನ್ನು ಸೊಗದೆ ಬೇರು. ಸಂತೆಪೇಟೆ ಕಡೆಯ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕಟ್ಟು ಕಟ್ಟು ಕೊಡುತ್ತಾರೆ. ಇದರಲ್ಲಿ ಹಣ್ಣಿನ ರಸ ಇಲ್ಲದಿರುವುದರಿಂದ ನಿಯಮದ ಪ್ರಕಾರ ಕಾರ್ಡಿಯಲ್ ಅಲ್ಲ, ಆದರೆ ಹಳೆಯ ಅರ್ಥಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಬೇರನ್ನು ತೊಳೆದು ಜಜ್ಜಿ ಒಳಗಿನ ಬಿಳಿ ನಾರು ತೆಗೆಯಿರಿ. ಸಿಪ್ಪೆಗೆ ಕುದಿಯುವ ನೀರು ಹೊಯ್ದು ಮುಚ್ಚಿಡಿ, ತೆರೆದಿಟ್ಟು ಕುದಿಸಿದರೆ ಪರಿಮಳ ಹಾರಿಹೋಗುತ್ತೆ. ಆ ವಾಸನೆಗೆ ಕಾರಣವಾದ ವಸ್ತು ವೆನಿಲ್ಲಾದ ವೆನಿಲಿನ್‌ಗೆ ತೀರ ಹತ್ತಿರದ ಸಂಬಂಧಿ, ಅದಕ್ಕೇ ಮಕ್ಕಳಿಗೆ ಇಷ್ಟ ಆಗುತ್ತೆ. ಪುನರ್ಪುಳಿಗೆ ಇನ್ನೂ ಸುಲಭ. ಹಣ್ಣಿನ ಸಿಪ್ಪೆಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟರೆ ಒಂದು ಹನಿ ನೀರು ಹಾಕದೆ ಕೆಂಪು ಪಾಕ ತಾನಾಗಿ ಇಳಿಯುತ್ತೆ. ಕರಾವಳಿಯಲ್ಲಿ ನೆಂಟರಿದ್ದವರಿಗೆ ಹಣ್ಣಿನ ಚಿಂತೆ ಇಲ್ಲ.

ಇವತ್ತು ಮಾಡಿ ಇವತ್ತೇ ಕುಡಿಯುವುದಾದರೆ ಇದ್ಯಾವುದೂ ಬೇಡ. ಪಾನಕ ಮಾಡಿ. ರಾಮನವಮಿಯ ಕರಬೂಜದ ಪಾನಕ, ಬೇಲದ ಹಣ್ಣಿನ ಪಾನಕ ಕುಡಿದು ಬೆಳೆದ ನಾಲಿಗೆಗೆ ಬಾಟಲಿಯ ಕಾರ್ಡಿಯಲ್ ಯಾವತ್ತೂ ಎರಡನೆಯದೇ.

ನಡುವಿನ ಬಾಟಲಿ: ಅರಿಷ್ಟ

ಇದನ್ನು ಯಾರೂ ಕಾರ್ಡಿಯಲ್ ಸಾಲಿಗೆ ಸೇರಿಸಲ್ಲ, ಆದರೆ ಸೇರಿಸಲೇಬೇಕು. ಬಾಣಂತಿಗೆ ಕೊಡುವ ದಶಮೂಲಾರಿಷ್ಟ, ನಿಶ್ಶಕ್ತಿಗೆ ಅಂತ ಕುಡಿಯುವ ದ್ರಾಕ್ಷಾರಿಷ್ಟ, ಇವೆಲ್ಲ ಹುದುಗಿಸಿ ಮಾಡಿದವು. ಬೆಲ್ಲ, ಕಷಾಯ, ಧಾತಕಿ ಹೂ ಸೇರಿ ಒಳಗೇ ಮದ್ಯಾಂಶ ಹುಟ್ಟುತ್ತೆ, ಸಾಮಾನ್ಯವಾಗಿ ಶೇ 5ರಿಂದ 10ರ ಆಸುಪಾಸು. ಬಾಟಲಿ ಮೇಲೆ ಬರೆದೂ ಇರುತ್ತಾರೆ. ನಮ್ಮ ನಿಯಮದಲ್ಲಿ ಶೇ 0.5ಕ್ಕಿಂತ ಜಾಸ್ತಿ ಇದ್ದರೆ ಆ ಪಾನೀಯ ಮದ್ಯದ ಲೆಕ್ಕಕ್ಕೆ ಬರುತ್ತೆ. ಅರಿಷ್ಟ ಔಷಧಿಯಾದ್ದರಿಂದ ಅದರ ದಾರಿ ಬೇರೆ. ಒಂದು ಹನಿಯೂ ಬೇಡ ಅನ್ನುವವರು, ಮದ್ಯದ ಜೊತೆ ಹೊಂದದ ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಿಳಿದಿರಬೇಕು. ಇದು ಪಾನೀಯವಲ್ಲ, ವೈದ್ಯರು ಹೇಳಿದರೆ ಹೇಳಿದಷ್ಟೇ. ಇನ್ನೊಂದು ಕಡೆ ಕ್ರಿಸ್‌ಮಸ್‌ಗೆ ಕ್ರೈಸ್ತ ಸ್ನೇಹಿತರ ಮನೆಯಲ್ಲಿ ಕೊಡುವ ಜಿಂಜರ್ ವೈನ್, ಹೆಸರು ವೈನ್, ಎಷ್ಟೋ ಮನೆಗಳಲ್ಲಿ ಒಳಗಿರುವುದು ಶುಂಠಿ, ಸಕ್ಕರೆ, ನಿಂಬೆ ಅಷ್ಟೇ. ಆದರೂ ಕೇಳಿ ಕುಡಿಯಿರಿ, ಕೆಲವರು ನಿಜವಾಗಿಯೂ ಹುದುಗಿಸಿರುತ್ತಾರೆ.

ಮದ್ಯದ ಕಾರ್ಡಿಯಲ್, ಅಂದರೆ ಲಿಕ್ಯೂರ್

ಈಗ ವೈನ್ ಶಾಪಿನ ಕಡೆ ಬರೋಣ. ನಮ್ಮ ರಾಜ್ಯದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಮಾರುವ ಹಾಗಿಲ್ಲ, ಅವರು ಈ ಭಾಗ ಬಿಟ್ಟು ಮುಂದೆ ಹೋಗಿ.

ಲಿಕ್ಯೂರ್ ಅಂದರೆ ಮದ್ಯ, ರುಚಿ ಕೊಡುವ ಏನೋ ಒಂದು, ಮತ್ತು ಸಕ್ಕರೆ. ಯುರೋಪಿನ ನಿಯಮದಲ್ಲಿ ಮದ್ಯಾಂಶ ಕನಿಷ್ಠ ಶೇ 15, ಸಕ್ಕರೆ ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 100 ಗ್ರಾಂ. ಅಮೆರಿಕದಲ್ಲಿ ಲಿಕ್ಯೂರ್, ಕಾರ್ಡಿಯಲ್ ಎರಡೂ ಒಂದೇ ಗುಂಪು, ಸಕ್ಕರೆ ತೂಕದಲ್ಲಿ ಶೇ 2.5 ಇದ್ದರೂ ಸಾಕು. ಹೊರಗೆ ಸಿಹಿ ಅಂತ ಸೌಮ್ಯ ಅಂದುಕೊಂಡರೆ ಮೋಸ ಹೋಗುತ್ತೀರಿ. ಕೆನೆಯ ಲಿಕ್ಯೂರ್ ಬೈಲೀಸ್ ಶೇ 17, ಕಿತ್ತಳೆ ಸಿಪ್ಪೆಯ ಕ್ವಾಂಟ್ರೋ ಶೇ 40, ಫ್ರಾನ್ಸಿನ ಸನ್ಯಾಸಿಗಳು 130 ಗಿಡಮೂಲಿಕೆ ಹಾಕಿ ಮಾಡುವ ಹಸಿರು ಶಾರ್ಟ್ರೂಸ್ ಶೇ 55. ನಮ್ಮ ಕಡೆಯ ವಿಸ್ಕಿ, ರಮ್ ಶೇ 42.8. ಅಂದರೆ ಕೆಲವು ಸಿಹಿ ಬಾಟಲಿಗಳು ರಮ್ಮಿಗಿಂತ ಗಟ್ಟಿ.

ಯಾವುದನ್ನು ಆರಿಸಬೇಕು? ಮೊದಲ ಸಲದವರಿಗೆ, ಅದರಲ್ಲೂ ಕಾಫಿ ಕುಡಿಯುವ ಮೈಸೂರಿನ ನಾಲಿಗೆಗೆ, ಕಾಫಿ ಲಿಕ್ಯೂರ್. ಬರೀ ಐಸಿನ ಜೊತೆ, ಹಾಲಿನ ಜೊತೆ, ಐಸ್‌ಕ್ರೀಮಿನ ಮೇಲೆ, ಕೇಕಿಗೆ, ಎಲ್ಲಕ್ಕೂ ಆಗುತ್ತೆ, ಉಳಿದರೆ ಕೆಡಲ್ಲ. ಕಿತ್ತಳೆಯದ್ದು ಮನೆಯಲ್ಲಿ ಕಾಕ್‌ಟೇಲ್ ಮಾಡುವವರಿಗೆ ಮತ್ತು ಕೇಕ್ ಮಾಡುವವರಿಗೆ. ಕೆನೆಯದ್ದು ತಕ್ಷಣ ಇಷ್ಟ ಆಗುತ್ತೆ, ಆದರೆ ತೆರೆದ ಮೇಲೆ ಆರು ತಿಂಗಳಲ್ಲಿ ಮುಗಿಸಿ. ಅದಕ್ಕೆ ನಿಂಬೆ ತಾಗಿಸಿದರೆ ಮತ್ತೆ ಅದೇ ಪನೀರ್ ಕಥೆ. ಗಿಡಮೂಲಿಕೆಯವು ನನ್ನ ಮಟ್ಟಿಗೆ ಕೊನೆಗೆ. ದುಬಾರಿ, ಕಷಾಯದ ಜ್ಞಾಪಕ ಬರುತ್ತೆ, ಒಂದು ಗುಟುಕು ಕುಡಿದು ಎರಡು ವರ್ಷ ಷೋಕೇಸಿನಲ್ಲಿ ನಿಲ್ಲುತ್ತೆ.

ಹೊರದೇಶದ ಬಾಟಲಿಗೆ ಆಮದು ಸುಂಕ, ಅದರ ಮೇಲೆ ಅಬಕಾರಿ ಸುಂಕ. ಹಾಗಾಗಿ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಆದರೆ ಇಲ್ಲೂ ಲೋಟದ ಲೆಕ್ಕ ಹಾಕಿ. 30 ಮಿಲಿಯಂತೆ 750 ಮಿಲಿಯಲ್ಲಿ 25 ಸಲ. ಹಬ್ಬಕ್ಕೊಮ್ಮೆ ತೆಗೆಯುವ ಮನೆಗೆ ಅದು ಎರಡು ವರ್ಷದ ಸಾಮಾನು. 50 ಮಿಲಿಯ ಪುಟಾಣಿ ಬಾಟಲಿ ಸಿಕ್ಕರೆ ಮೊದಲು ಅದನ್ನು ತನ್ನಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಮಳಿಗೆಯಲ್ಲಿ ಎಂಆರ್‌ಪಿಗೇ ಸಿಗುತ್ತೆ, ಆದರೆ ಲಿಕ್ಯೂರ್ ಇಡೋದು ಕಡಿಮೆ. ದೊಡ್ಡ ಅಂಗಡಿಗೇ ಹೋಗಬೇಕು.

ಬಜೆಟ್ ಕಡಿಮೆ ಇದ್ದರೆ ನೆನೆಸಿ ಮಾಡುವ ದಾರಿ ಇದೆ. 500 ಮಿಲಿ ವೋಡ್ಕಾಗೆ ಐದಾರು ಕಿತ್ತಳೆಯ ಹೊರಸಿಪ್ಪೆ ಹಾಕಿ ಎರಡು ವಾರ ಕತ್ತಲಲ್ಲಿಡಿ. ಆಮೇಲೆ ಸೋಸಿ, 200 ಗ್ರಾಂ ಸಕ್ಕರೆಗೆ ನೀರು ಹಾಕಿ ಮಾಡಿದ 400 ಮಿಲಿ ಪಾಕ ಬೆರೆಸಿ. ಶೇ 42.8 ಇದ್ದದ್ದು ಸುಮಾರು ಶೇ 24ಕ್ಕೆ ಇಳಿಯುತ್ತೆ. ಇಟಲಿಯವರ ಲಿಮೊಂಚೆಲ್ಲೊ ಕೂಡ ನಿಂಬೆ ಸಿಪ್ಪೆಯಲ್ಲಿ ಹೀಗೇ. ಇದು ಅಂಗಡಿಯಲ್ಲಿ ಕೊಂಡ ಮದ್ಯಕ್ಕೆ ಸಿಪ್ಪೆ ನೆನೆಸುವುದು ಅಷ್ಟೇ. ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ, ಮೆಥನಾಲ್ ಅನ್ನುವ ವಿಷ ಸೇರಿದರೆ ಕಣ್ಣೂ ಹೋಗುತ್ತೆ, ಜೀವವೂ ಹೋಗುತ್ತೆ. ಮಾಡಿದ್ದನ್ನು ಮಾರುವುದಂತೂ ಬೇಡವೇ ಬೇಡ.

ಒಂದು ಮಾತು ಹೇಳದೆ ಇರಲಾರೆ. ನಮ್ಮಲ್ಲಿನ ಎಷ್ಟೋ ಮದ್ಯ ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಗಟ್ಟಿ ಪಾಕದಿಂದ ಇಳಿಸಿದ ಸ್ಪಿರಿಟ್ಟಿನದ್ದು. 1933ರಲ್ಲಿ ಶುರುವಾದ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಮಂಡ್ಯದಲ್ಲಿ ಕಬ್ಬಿನ ಲಾರಿ ಹಿಂದೆ ಬೈಕ್ ನಿಲ್ಲಿಸಿಕೊಂಡು ಕಾಯುವಾಗೆಲ್ಲ ನನಗೆ ಅನಿಸುತ್ತೆ, ಶರಬತ್ತಿನ ಬಾಟಲಿಗೂ ಎಣ್ಣೆ ಬಾಟಲಿಗೂ ಹೋಗುವುದು ಇದೇ ಕಬ್ಬು, ಸಕ್ಕರೆ ಒಂದು ಕಡೆ, ಕಾಕಂಬಿ ಇನ್ನೊಂದು ಕಡೆ.

ಹಾಗಾದರೆ ನಿಮಗೆ ಯಾವುದು

ಪಿಜಿಯಲ್ಲಿರುವ ವಿದ್ಯಾರ್ಥಿಗೆ ಫ್ರಿಜ್ ಇಲ್ಲ, ಅಡುಗೆಮನೆ ಇಲ್ಲ. ಅಂಥವರಿಗೆ ಅಂಗಡಿಯ ಕಾರ್ಡಿಯಲ್ ಅಥವಾ ಸ್ಕ್ವಾಶ್ ಚಿಕ್ಕ ಬಾಟಲಿಯೇ ಸರಿ. ಆದರೂ ತೆರೆದ ಮೇಲೆ ಹೇಗೆ ಇಡಬೇಕು ಅಂತ ಲೇಬಲ್ ನೋಡಿ, ಫ್ರಿಜ್ಜಿನಲ್ಲಿಡಿ ಅಂತ ಇದ್ದರೆ ರೂಮಿನವರೆಲ್ಲ ಸೇರಿ ಬೇಗ ಮುಗಿಸಿ. ಚಿಕ್ಕ ಮಕ್ಕಳಿರುವ ಮನೆಗೆ ಮನೆಯ ನಿಂಬೆ ಶುಂಠಿ, ಒಂದಕ್ಕೆ ಐದು ಆರು ಪಾಲು ನೀರು. ಮಕ್ಕಳು ತೆಳ್ಳಗಿನದಕ್ಕೇ ಹೊಂದಿಕೊಳ್ಳುತ್ತಾರೆ, ಗಟ್ಟಿ ಅಭ್ಯಾಸ ಮಾಡಿಸುವುದು ನಾವೇ.

ಕೇಕ್ ಮಾಡುವವರು ಒಂದು ವಿಷಯ ಗಮನಿಸಿ. ಬೇಯಿಸಿದರೆ ಮದ್ಯ ಪೂರ್ತಿ ಹೋಗುತ್ತೆ ಅನ್ನುವುದು ಸುಳ್ಳು. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಲ್ಲಿ 25 ನಿಮಿಷ ಓವನ್ನಿನಲ್ಲಿಟ್ಟರೂ ಶೇ 45ರ ಹತ್ತಿರ ಉಳಿಯುತ್ತೆ, ಮದ್ಯವನ್ನು ಒಳಗೆ ಕಲಸದೆ ಬೇಯಿಸಿದಾಗ. ಬೇಯಿಸದೆ ಮೇಲೆ ಸುರಿದರೆ ಹೇಳುವುದೇ ಬೇಡ. ಆರ್ಡರ್ ಮೇಲೆ ಕೇಕ್ ಮಾಡಿ ಕೊಡುವವರಾದರೆ ಹಾಕಿದ್ದೀರಿ ಅಂತ ಹೇಳಿಯೇ ಕೊಡಿ. ಕಾಫಿ ಲಿಕ್ಯೂರ್ ಬದಲು ಗಟ್ಟಿ ಫಿಲ್ಟರ್ ಡಿಕಾಕ್ಷನ್‌ಗೆ ಸಮ ಸಕ್ಕರೆ ಹಾಕಿ ಪಾಕ ಬರಿಸಿದರೆ ರುಚಿ ಕಳೆದುಹೋಗಲ್ಲ. ಕಿತ್ತಳೆಯದ್ದರ ಬದಲು ಸಿಪ್ಪೆ ಉಜ್ಜಿದ ಸಕ್ಕರೆಯ ಪಾಕ.

ವಾರಾಂತ್ಯಕ್ಕೆ ಸ್ನೇಹಿತರು ಬರುವ ಮನೆಗೆ ನನ್ನ ಸಲಹೆ ಎರಡು ಬಾಟಲಿ: ಒಂದು ಒಳ್ಳೆಯ ಲೈಮ್ ಕಾರ್ಡಿಯಲ್, ಒಂದು ಕಾಫಿ ಲಿಕ್ಯೂರ್. ಲೈಮ್ ಕಾರ್ಡಿಯಲ್ ಎರಡೂ ಕಡೆ ಸಲ್ಲುತ್ತೆ. ಕುಡಿಯುವವರಿಗೆ ಜಿನ್ ಜೊತೆ ಬೆರೆಸಿದರೆ ಗಿಮ್ಲೆಟ್, ಕುಡಿಯದವರಿಗೆ ಸೋಡಾ, ಒಂದು ಚಿಟಿಕೆ ಉಪ್ಪು. ಒಂದೇ ಥರದ ಲೋಟದಲ್ಲಿ ಕೊಟ್ಟರೆ ಯಾರಿಗೂ ಬೇರೆ ಅನಿಸಲ್ಲ, ಆದರೆ ಕೊಡುವವರು ಲೋಟ ಅದಲು ಬದಲು ಮಾಡಬಾರದು. ರಾತ್ರಿ ಮಂಡ್ಯಕ್ಕೋ ಬೆಂಗಳೂರಿಗೋ ಗಾಡಿ ಓಡಿಸುವವರಿಗೆ ಸಿಹಿ ಲಿಕ್ಯೂರ್ ಕೂಡ ಬೇಡ. ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಕಾನೂನಿನ ಪ್ರಕಾರ ಕೇಸು, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲು, ಇಲ್ಲವೇ ಎರಡೂ. 30 ಮಿಲಿ ಕ್ವಾಂಟ್ರೋದಲ್ಲಿ ಶುದ್ಧ ಮದ್ಯ 12 ಮಿಲಿ, ಅದೇ 30 ಮಿಲಿ ಬೈಲೀಸ್‌ನಲ್ಲಿ 5 ಮಿಲಿ. ಎರಡು ಮೂರು ಸುತ್ತಾದರೆ ನೀವೇ ಕೂಡಿ ನೋಡಿ.

ಉಡುಗೊರೆ ಕೊಡುವುದಾದರೆ ತೆಗೆದುಕೊಳ್ಳುವವರ ಮನೆ ಗೊತ್ತಿಲ್ಲದೆ ಲಿಕ್ಯೂರ್ ಕೊಡಬೇಡಿ. ಗೊತ್ತಿಲ್ಲದಿದ್ದರೆ ಸೊಗದೆ ಬೇರಿನ ಬಾಟಲಿ, ಕುತ್ತಿಗೆಗೆ ಒಂದು ದಾರ ಕಟ್ಟಿ, ಮಾಡಿದ ತಾರೀಕು ಬರೆದು.

ತಾರೀಕು ಅಂದಾಗ ಜ್ಞಾಪಕ ಬಂತು. ಮೊದಲ ಸಲ ಕಿತ್ತಳೆ ಸಿಪ್ಪೆ ನೆನೆಸಿದಾಗ ಖಾಲಿ ಬಾಟಲಿ ಸಿಗದೆ ಹಳೆಯ ಆರೆಂಜ್ ಸ್ಕ್ವಾಶ್ ಬಾಟಲಿಗೇ ತುಂಬಿ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದೆ. ಬಣ್ಣ ಅದೇ, ಲೇಬಲ್ಲೂ ಅದೇ. ಅಗ್ರಹಾರದ ದೊಡ್ಡಮ್ಮ ಬಂದವರು ಬಿಸಿಲಿಗೆ ದಣಿದು, ಲೋಟಕ್ಕೆ ಎರಡು ಬೆರಳು ಬಗ್ಗಿಸಿ, ನೀರು ಹಾಕಿ, ಬಾಯಿಗಿಡುವ ಮೊದಲು ಮೂಸಿ ನೋಡಿದರು. "ಇದೇನೋ, ಆಸ್ಪತ್ರೆ ವಾಸನೆ ಬರ್ತಿದೆಯಲ್ಲೋ ನಿನ್ನ ಜ್ಯೂಸು?" ಅವತ್ತೇ ಬಾಟಲಿ ಬದಲಾಯಿಸಿ, ಕೆಂಪು ಟೇಪು ಸುತ್ತಿ, ಬೀರುವಿನ ಮೇಲಿನ ಅರೆಗೆ ಹಾಕಿ ಬೀಗ ಜಡಿದೆ.